ಕತ್ತಲಲ್ಲಿ ನುಡಿಸಿದ್ದು, ಕತ್ತರಿಗೆ ಉಳಿದದ್ದು

‘ಸ್ಪಿರಿಟ್ ಆಫ್ ಈಡನ್’ ಬಗ್ಗೆ ಬರೆದವರಲ್ಲಿ ಬಹುಪಾಲು ಮಂದಿ ಭಕ್ತರು. ಅವರು ಹೇಳುವ ಕಥೆ ಹೆಚ್ಚುಕಡಿಮೆ ಒಂದೇ. ಲಂಡನ್ನಿನ ಹಳೆಯ ಚರ್ಚ್ ಕಟ್ಟಡವೊಂದರಲ್ಲಿ ದೀಪ ಆರಿಸಿ, ಊದುಬತ್ತಿ ಹಚ್ಚಿ, ಟಾಕ್ ಟಾಕ್ ಎಂಬ ಬ್ಯಾಂಡು ತಿಂಗಳುಗಟ್ಟಲೆ ಕತ್ತಲಲ್ಲಿ ನುಡಿಸಿತು. ಕೊನೆಗೆ 41 ನಿಮಿಷದ ಪವಾಡವೊಂದು ಹೊರಬಂತು. ದುಡ್ಡಿನ ಲೆಕ್ಕ ಬಿಟ್ಟು ಬೇರೇನೂ ಗೊತ್ತಿಲ್ಲದ ಕಂಪನಿಗೆ ಅದು ತಲೆಗೆ ಹೋಗಲಿಲ್ಲ, ಕಲಾವಿದ ಹುತಾತ್ಮನಾದ. ಈ ಕಥೆಯಲ್ಲಿ ಹಸಿ ಸುಳ್ಳೇನೂ ಇಲ್ಲ. ಒತ್ತು ಮಾತ್ರ ತಪ್ಪು ಜಾಗದಲ್ಲಿ ಬಿದ್ದಿದೆ. 1988ರ ಸೆಪ್ಟೆಂಬರಿನಲ್ಲಿ ಇಎಂಐ ಕಂಪನಿಯ ಪಾರ್ಲೋಫೋನ್ ಲೇಬಲ್ಲಿನಿಂದ ಬಂದ ಈ ಆಲ್ಬಮ್ಮಿನಲ್ಲಿ ನುಡಿಸಿದ್ದೆಲ್ಲ ಕಚ್ಚಾ ಮಾಲು. ರಚನೆ ನಡೆದದ್ದು ಆಮೇಲೆ, ನುಡಿಸಿದ್ದನ್ನು ಒಂದೊಂದಾಗಿ ಅಳಿಸುತ್ತ ಹೋದಾಗ. ಹಾಗೆ ಅಳಿಸುವ ಐಷಾರಾಮವನ್ನು ಕೊಟ್ಟದ್ದು, ಯಾರನ್ನು ಖಳನಾಯಕ ಅನ್ನುತ್ತಾರೋ ಅದೇ ಕಂಪನಿಯ ಚೆಕ್ ಪುಸ್ತಕ.

ಬ್ಯಾಂಡು ಶುರುವಾದದ್ದು 1981ರಲ್ಲಿ. ಹಾಡುವುದಕ್ಕೆ ಮಾರ್ಕ್ ಹಾಲಿಸ್, ಬಾಸ್ ಗಿಟಾರಿಗೆ ಪಾಲ್ ವೆಬ್, ಡ್ರಮ್ಸಿಗೆ ಲೀ ಹ್ಯಾರಿಸ್, ಕೀಬೋರ್ಡಿಗೆ ಸೈಮನ್ ಬ್ರೆನ್ನರ್. ಆಗ ಇಎಂಐ ಬಳಿ ಡ್ಯುರಾನ್ ಡ್ಯುರಾನ್ ಎಂಬ ಬಂಗಾರದ ಮೊಟ್ಟೆ ಇಡುವ ಕೋಳಿಯಿತ್ತು. ಟಾಕ್ ಟಾಕ್ ಅದರ ತಮ್ಮನಂತೆ ಬೆಳೆಯಲಿ ಎಂಬುದು ಕಂಪನಿಯ ಎಣಿಕೆ. ಹೆಸರಿನಲ್ಲೇ ಅದೇ ದ್ವಿರುಕ್ತಿ, ಅದೇ ನಿರ್ಮಾಪಕ ಕಾಲಿನ್ ಥರ್ಸ್ಟನ್, ಡ್ಯುರಾನ್ ಡ್ಯುರಾನ್ ಕಛೇರಿಗಳಲ್ಲೇ ಮೊದಲ ಸರದಿ. 1982ರ ‘ದ ಪಾರ್ಟೀಸ್ ಓವರ್’ ಆ ಕಾಲದ ಸಿಂಥಸೈಜರ್ ಪಾಪ್. ಇವತ್ತು ಕೇಳಿದರೆ ಒಳ್ಳೆಯ ದರ್ಜಿ ಹೊಲಿದ ಬೇರೆಯವರ ಅಂಗಿ. ಸಿಂಥಸೈಜರನ್ನು ಇಷ್ಟಪಟ್ಟು ಬಳಸಿದ್ದಲ್ಲ, ನಿಜವಾದ ವಾದ್ಯಗಾರರನ್ನು ಕರೆಸಲು ಕಾಸಿರಲಿಲ್ಲ ಎಂದು ಹಾಲಿಸ್ ಮುಂದೆ ಸಂದರ್ಶನಗಳಲ್ಲಿ ಹೇಳುತ್ತಿದ್ದ. ಈ ಮಾತನ್ನು ಮರೆಯಬಾರದು. ಟಾಕ್ ಟಾಕ್‌ನ ಮುಂದಿನ ಬೆಳವಣಿಗೆಯನ್ನೆಲ್ಲ ಬಜೆಟ್ ಬೆಳೆದ ಕಥೆಯಾಗಿಯೂ ಓದಬಹುದು.

ಬ್ರೆನ್ನರ್ ಹೊರಹೋದ. ಟಿಮ್ ಫ್ರೀಸ್-ಗ್ರೀನ್ ನಿರ್ಮಾಪಕನಾಗಿ, ಕೀಬೋರ್ಡು ನುಡಿಸುವವನಾಗಿ, ಹಾಡು ಕಟ್ಟುವುದರಲ್ಲಿ ಹಾಲಿಸ್‌ನ ಜೊತೆಗಾರನಾಗಿ ಬಂದ. ಫೋಟೋಗಳಲ್ಲಿ ಅವನಿಲ್ಲ, ಬ್ಯಾಂಡಿನ ಅಧಿಕೃತ ಸದಸ್ಯನೂ ಅವನಲ್ಲ. ಆದರೆ ಆಮೇಲಿನ ನಾಲ್ಕು ಆಲ್ಬಮ್ಮುಗಳು ಅವನಿಲ್ಲದೆ ಆಗುತ್ತಿರಲಿಲ್ಲ. 1984ರ ‘ಇಟ್ಸ್ ಮೈ ಲೈಫ್’ ಯುರೋಪಿನಲ್ಲಿ ಓಡಿತು, ಬ್ರಿಟನ್ನಿನಲ್ಲಿ ಕುಂಟಿತು. 1986ರ ‘ದ ಕಲರ್ ಆಫ್ ಸ್ಪ್ರಿಂಗ್’ ಎರಡೂ ಕಡೆ ಗೆದ್ದಿತು. ಬ್ರಿಟನ್ ಪಟ್ಟಿಯಲ್ಲಿ 8ನೇ ಸ್ಥಾನ, ಜಗತ್ತಿನಾದ್ಯಂತ 20 ಲಕ್ಷಕ್ಕೂ ಹೆಚ್ಚು ಪ್ರತಿ. ಸಿಂಥಸೈಜರ್ ಹಿಂದೆ ಸರಿದು ಪಿಯಾನೋ, ಸ್ಟೀವ್ ವಿನ್‌ವುಡ್‌ನ ಆರ್ಗನ್, ಮಕ್ಕಳ ವೃಂದಗಾನ ಮುಂದೆ ಬಂದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ಪೇನಿನ ಸಾನ್ ಸೆಬಾಸ್ಟಿಯನ್‌ನಲ್ಲಿ ಕಛೇರಿ ಕೊಟ್ಟ ಬ್ಯಾಂಡು ಮತ್ತೆಂದೂ ವೇದಿಕೆ ಹತ್ತಲಿಲ್ಲ. ಇಷ್ಟು ದುಡಿದ ಮೇಲೆ ಇಎಂಐ ಮುಂದಿನ ಆಲ್ಬಮ್ಮಿಗೆ ಕೈಬಿಚ್ಚಿ ದುಡ್ಡು ಕೊಟ್ಟಿತು. ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ ಹಾಲಿಸ್ ತೋರಿಸಲೂ ಇಲ್ಲ.

ಮಾಡಿದ ಜಾಗದ ಬಗ್ಗೆ ಎರಡು ಮಾತು ಹೇಳಲೇಬೇಕು. ಉತ್ತರ ಲಂಡನ್ನಿನ ಹೈಬರಿಯಲ್ಲಿದ್ದ ವೆಸೆಕ್ಸ್ ಸ್ಟುಡಿಯೋ ವಿಕ್ಟೋರಿಯಾ ಕಾಲದ ಚರ್ಚ್ ಸಭಾಂಗಣ. ಎತ್ತರದ ಸೂರು, ಸದ್ದು ನಿಧಾನವಾಗಿ ಆರುವ ಕೋಣೆ. ಕಿಂಗ್ ಕ್ರಿಮ್ಸನ್‌ನ ಮೊದಲ ಆಲ್ಬಮ್ 1969ರಲ್ಲಿ ಅಲ್ಲೇ ಆಯಿತು. ಸೆಕ್ಸ್ ಪಿಸ್ಟಲ್ಸ್ ತಮ್ಮ ಏಕೈಕ ಆಲ್ಬಮ್ಮನ್ನು ಮಾಡಿದ್ದು, ಕ್ವೀನ್ ಬ್ಯಾಂಡು ನೆಲಕ್ಕೆ ಕಾಲು ಬಡಿದು ಆ ಪ್ರಸಿದ್ಧ ತಾಳವನ್ನು ಮುದ್ರಿಸಿದ್ದು, ಕ್ಲ್ಯಾಶ್ ‘ಲಂಡನ್ ಕಾಲಿಂಗ್’ ಮುಗಿಸಿದ್ದು ಕೂಡ ಅಲ್ಲೇ. ಗದ್ದಲಕ್ಕೆ ಹೆಸರಾದ ಕೋಣೆ ಅದು. ಅಲ್ಲಿ ಎಂಜಿನಿಯರ್ ಫಿಲ್ ಬ್ರೌನ್ ಎಣ್ಣೆಯ ಬಣ್ಣಗಳು ತೇಲುವ ಪ್ರೊಜೆಕ್ಟರನ್ನೂ ಮಿಣುಕುವ ಸ್ಟ್ರೋಬ್ ದೀಪವನ್ನೂ ಬಿಟ್ಟು ಮಿಕ್ಕ ಬೆಳಕನ್ನೆಲ್ಲ ಆರಿಸಿದ. ಬ್ರೌನ್ ಅರವತ್ತರ ದಶಕದಲ್ಲಿ ಒಲಿಂಪಿಕ್ ಸ್ಟುಡಿಯೋದಲ್ಲಿ ಟೇಪು ಹಾಕುವ ಹುಡುಗನಾಗಿ ಸೇರಿದವನು, ಮೈಕನ್ನು ವಾದ್ಯದ ಬಾಯಿಗೆ ಒತ್ತದೆ ದೂರದಲ್ಲಿಟ್ಟು ಕೋಣೆಯ ಗಾಳಿಯನ್ನೂ ಹಿಡಿಯುವುದು ಅವನ ಹಳೆಯ ಕಸುಬು. 1988ರ ಪಾಪ್ ಡ್ರಮ್ಮೆಂದರೆ ಕಿವಿಯ ಪಕ್ಕ ಬಾಗಿಲು ಬಡಿದ ಹಾಗೆ. ಇಲ್ಲಿ ಹ್ಯಾರಿಸ್‌ನ ಡ್ರಮ್ಮು ಪಕ್ಕದ ಕೋಣೆಯಲ್ಲಿದೆ, ಬಾಗಿಲು ತೆರೆದಿದೆ.

ಕೆಲಸದ ಕ್ರಮ ವಿಚಿತ್ರ. ಹೊರಗಿನಿಂದ ಒಬ್ಬ ವಾದಕ ಬರುತ್ತಾನೆ. ಅವನಿಗೆ ಸ್ವರಲಿಪಿ ಕೊಡುವುದಿಲ್ಲ, ಹಾಡು ಪೂರ್ತಿ ಕೇಳಿಸುವುದಿಲ್ಲ. ಕಿವಿಗೆ ಹೆಡ್‌ಫೋನು, ಅದರಲ್ಲಿ ಹಾಡಿನ ಒಂದು ತುಣುಕು, ಸುತ್ತ ಕತ್ತಲೆ. ಮನಸ್ಸಿಗೆ ಬಂದದ್ದು ನುಡಿಸು ಎನ್ನುತ್ತಾರೆ. ಅವನು ಗಂಟೆಗಟ್ಟಲೆ ನುಡಿಸುತ್ತಾನೆ, ಸಂಭಾವನೆ ತೆಗೆದುಕೊಂಡು ಮನೆಗೆ ಹೋಗುತ್ತಾನೆ. ಆಮೇಲೆ ಹಾಲಿಸ್ ಮತ್ತು ಫ್ರೀಸ್-ಗ್ರೀನ್ ಅದನ್ನು ಮತ್ತೆ ಮತ್ತೆ ಕೇಳಿ, ಕೆಲವೊಮ್ಮೆ ನಾಲ್ಕೇ ಸ್ವರ ಉಳಿಸಿಕೊಂಡು ಮಿಕ್ಕದ್ದನ್ನು ಅಳಿಸುತ್ತಾರೆ. ಆ ನಾಲ್ಕು ಸ್ವರವೂ ಅವನು ನುಡಿಸಿದ ಜಾಗದಲ್ಲೇ ಉಳಿಯುತ್ತದೆ ಎಂದೇನಿಲ್ಲ. ಡಿಜಿಟಲ್ ಯಂತ್ರದ ಸಹಾಯದಿಂದ ಬೇರೆಲ್ಲೋ ಹೋಗಿ ಕೂರುತ್ತದೆ. 1987ರಲ್ಲಿ ಶುರುವಾದ ಈ ಉದ್ಯೋಗ ಮುಗಿದಾಗ 1988 ಬಂದಿತ್ತು.

ಬಂದವರಾದರೂ ಸಾಮಾನ್ಯರೇ? ಡಬಲ್ ಬಾಸ್‌ಗೆ ಡ್ಯಾನಿ ಥಾಂಪ್ಸನ್: ಪೆಂಟ್ಯಾಂಗಲ್ ತಂಡದವನು, ನಿಕ್ ಡ್ರೇಕ್‌ನ ಮೊದಲ ಆಲ್ಬಮ್ಮಿನಲ್ಲಿ ನುಡಿಸಿದವನು. ಟ್ರಂಪೆಟ್ಟಿಗೆ ಜಾಜ್ ವಾದಕ ಹೆನ್ರಿ ಲೋಥರ್. ಮೌತ್ ಆರ್ಗನ್ನಿಗೆ ಮಾರ್ಕ್ ಫೆಲ್ಟಮ್. ಹ್ಯೂ ಡೇವಿಸ್ ಎಂಬಾತ ಜರ್ಮನಿಯಲ್ಲಿ ಸ್ಟಾಕ್‌ಹೌಸನ್‌ಗೆ ಸಹಾಯಕನಾಗಿದ್ದು ಬಂದವನು. ವಿಶ್ವಕೋಶದ ಸಂಪುಟವೊಂದರ ರಟ್ಟಿನೊಳಗೆ ಸ್ಪ್ರಿಂಗು, ಬ್ಲೇಡು, ಮೈಕುಗಳನ್ನು ಅಡಗಿಸಿ ಗೀಚಿದರೆ ಸದ್ದು ಬರುವ ವಾದ್ಯ ಮಾಡಿದ್ದ, ಅದನ್ನೇ ತಂದ. ಪಿಟೀಲಿಗೆ ನೈಜಲ್ ಕೆನಡಿ. ಮರುವರ್ಷ ಇದೇ ಕೆನಡಿ ಇದೇ ಇಎಂಐಗೆ ವಿವಾಲ್ಡಿಯ ‘ಫೋರ್ ಸೀಸನ್ಸ್’ ನುಡಿಸಿ ಶಾಸ್ತ್ರೀಯ ಸಂಗೀತದ ಮಾರಾಟದ ದಾಖಲೆಗಳನ್ನೇ ಅಲುಗಿಸಿದ. ‘ಸ್ಪಿರಿಟ್ ಆಫ್ ಈಡನ್’ನಲ್ಲಿ ಅವನನ್ನು ಹುಡುಕಬೇಕು. ಹೆಸರು ನೋಡಿ ಕೇಳಲು ಕೂತವರಿಗೆ, ಇದೇನಾ, ಅಥವಾ ಇದು ಯಾರೋ ಬಾಗಿಲು ಸರಿಸಿದ ಸದ್ದೇ ಎಂಬ ಅನುಮಾನ ಬರುತ್ತದೆ.

ಈ ಕ್ರಮದಲ್ಲಿ ಒಂದು ಮುಜುಗರದ ಪ್ರಶ್ನೆ ಇದೆ. ಭಕ್ತರು ಅದನ್ನು ಎತ್ತುವುದಿಲ್ಲ. ಗಂಟೆಗಳ ಕಾಲ ಮನಸಾರೆ ನುಡಿಸಿದವನ ಆಲೋಚನೆಯ ಎಳೆಯನ್ನೇ ಕಿತ್ತು, ಅವನಿಗೆ ಗೊತ್ತಿಲ್ಲದ ಜಾಗದಲ್ಲಿ ಅವನ ಉಸಿರನ್ನು ಇನ್ನೊಬ್ಬನ ಉಸಿರಿನ ಪಕ್ಕ ಕೂರಿಸುವುದು ಸಹಯೋಗವೋ, ಬಳಕೆಯೋ? ಕೂಲಿ ಕೊಟ್ಟಿದ್ದಾರೆ, ಹೆಸರು ಹಾಕಿದ್ದಾರೆ, ಸರಿ. ಆದರೆ ಆಲ್ಬಮ್ಮಿನ ಹಾಡುಗಳ ಕರ್ತೃತ್ವ ಹಾಲಿಸ್ ಮತ್ತು ಫ್ರೀಸ್-ಗ್ರೀನ್ ಇಬ್ಬರದೇ. ಮೈಲ್ಸ್ ಡೇವಿಸ್‌ನ ‘ಇನ್ ಎ ಸೈಲೆಂಟ್ ವೇ’ಯನ್ನೂ ನಿರ್ಮಾಪಕ ಟಿಯೋ ಮ್ಯಾಸಿರೊ ಟೇಪು ಕತ್ತರಿಸಿಯೇ ಕಟ್ಟಿದ್ದ, ಹಾಲಿಸ್‌ಗೆ ಡೇವಿಸ್‌ನ ಆ ಕಾಲದ ಸಂಗೀತದ ಮೇಲೆ ಅಪಾರ ಗೌರವ. ಆದರೂ ಅಲ್ಲಿ ವಾದಕರು ಒಂದೇ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ನುಡಿಸಿದ್ದರು. ಇಲ್ಲಿ ಒಬ್ಬೊಬ್ಬನೂ ಒಂಟಿ. ಒಟ್ಟಿಗೆ ಕೂತು ನುಡಿಸಿದಂತೆ ಕೇಳುವುದು ಭ್ರಮೆ; ಆ ಭ್ರಮೆಯನ್ನು ಹುಟ್ಟಿಸಿದ್ದೇ ಈ ಆಲ್ಬಮ್ಮಿನ ದೊಡ್ಡ ಕಲೆಗಾರಿಕೆ.

ಇನ್ನು ಕೇಳುವ ಮಾತು.

ಎಲ್‌ಪಿಯ ಮೊದಲ ಬದಿ ಮೂರು ಹಾಡುಗಳ ಒಂದೇ ಹರಿವು: ‘ದ ರೇನ್‌ಬೋ’, ‘ಈಡನ್’, ‘ಡಿಸೈರ್’. ಸುಮಾರು 23 ನಿಮಿಷ. ಮೊದಲ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಹಾಡು ಎನ್ನುವಂಥದ್ದು ಏನೂ ಇಲ್ಲ. ಮಂದ್ರದಲ್ಲಿ ಎಳೆದ ತಂತಿಯ ಸದ್ದು, ದೂರದಿಂದ ಬಾಯಿ ಮುಚ್ಚಿದ ಟ್ರಂಪೆಟ್, ಯಾವುದೋ ಲೋಹ ಕದಲಿದ್ದು. ಆಮೇಲೆ ಹ್ಯಾರಿಸ್‌ನ ಡ್ರಮ್ಮು ಅವಸರವೇ ಇಲ್ಲದೆ ಶುರುವಾಗುತ್ತದೆ, ಗಿಟಾರು ಬ್ಲೂಸ್ ಶೈಲಿಯಲ್ಲಿ ಜಾರುತ್ತದೆ, ಫೆಲ್ಟಮ್‌ನ ಮೌತ್ ಆರ್ಗನ್ ಆಂಪ್ಲಿಫೈಯರಿನೊಳಗಿಂದ ಹರಿದ ಗಂಟಲಿನಲ್ಲಿ ಕೂಗುತ್ತದೆ. ಆ ಮೌತ್ ಆರ್ಗನ್ ಇಡೀ ಆಲ್ಬಮ್ಮಿನ ಅತಿ ಅಸಭ್ಯ ದನಿ, ಮತ್ತು ಅತಿ ಅಗತ್ಯದ ದನಿ. ಅದಿಲ್ಲದಿದ್ದರೆ ಮೊದಲ ಹತ್ತು ನಿಮಿಷ ಒಳ್ಳೆಯ ಹೋಟೆಲಿನ ಲಾಬಿಯಲ್ಲಿ ಹಾಕಬಹುದಾದ ಸಂಗೀತವಾಗುವ ಅಪಾಯವಿತ್ತು.

ನಮ್ಮ ಕಡೆಯ ಕೇಳುಗರಿಗೆ ಈ ಶುರುವಾತು ಆಲಾಪವನ್ನು ನೆನಪಿಸುವುದು ಸಹಜ. ತಾಳವಿಲ್ಲ, ಅವಸರವಿಲ್ಲ, ಒಂದು ಸ್ವರದ ಸುತ್ತ ಸುಳಿದಾಟ. ಆದರೆ ಆ ನಂಟು ಸ್ವಲ್ಪ ದೂರ ಬಂದು ನಿಂತುಬಿಡುತ್ತದೆ. ಆಲಾಪದಲ್ಲಿ ಷಡ್ಜದಿಂದ ಗಾಂಧಾರಕ್ಕೆ ಹೋಗುವ ದಾರಿ ಒಬ್ಬ ಗಾಯಕನ ಮನಸ್ಸಿನಲ್ಲಿ, ಕೇಳುವವರ ಎದುರಿಗೇ ತೆರೆದುಕೊಳ್ಳುತ್ತದೆ. ತಪ್ಪಿದರೂ ಸಿಕ್ಕರೂ ಆ ಗಳಿಗೆಯದೇ. ‘ದ ರೇನ್‌ಬೋ’ದಲ್ಲಿ ಟ್ರಂಪೆಟ್ಟಿಗೂ ಪಿಟೀಲಿಗೂ ಪರಸ್ಪರ ಪರಿಚಯವೇ ಇಲ್ಲ. ಅವೆರಡರ ನಡುವೆ ನಮಗೆ ಕೇಳುವ ಸಂವಾದ ಮೂರನೆಯವನೊಬ್ಬ ಎಷ್ಟೋ ವಾರಗಳ ಮೇಲೆ ಮೇಜಿನ ಮುಂದೆ ಕೂತು ಏರ್ಪಡಿಸಿದ್ದು. ಇಲ್ಲಿನ ಧ್ಯಾನ ವಾದಕನದಲ್ಲ, ಸಂಕಲನಕಾರನದು. ಸಿನಿಮಾಕ್ಕೆ ಹತ್ತಿರದ ಕಲೆ.

‘ಡಿಸೈರ್’ ಬಗ್ಗೆ ಎರಡು ಮನಸ್ಸು ಬರುತ್ತದೆ. ಆರ್ಗನ್ನಿನ ಮೆಲುಸದ್ದಿನ ಮೇಲೆ ಹಾಲಿಸ್ ಪಿಸುಗುಟ್ಟುತ್ತಾನೆ, ಇದ್ದಕ್ಕಿದ್ದಂತೆ ಡ್ರಮ್ಮು, ಗಿಟಾರು, ತಾಳವಾದ್ಯಗಳೆಲ್ಲ ಒಮ್ಮೆಲೇ ಮೈಮೇಲೆ ಬೀಳುತ್ತವೆ, ಮತ್ತೆ ಮೆಲುಸದ್ದು, ಮತ್ತೆ ಸ್ಫೋಟ. ಮೊದಲ ಸಲ ಕೇಳಿದಾಗ ಬೆಚ್ಚಿಬೀಳುವುದು ಖಂಡಿತ. ಹತ್ತನೇ ಸಲಕ್ಕೆ ಸ್ಫೋಟ ಎಲ್ಲಿದೆ ಎಂದು ಗೊತ್ತಾಗಿ, ಅದಕ್ಕೆ ಕಾಯುವುದೇ ಕೇಳುವುದಾಗಿಬಿಡುತ್ತದೆ. ಇಡೀ ಬದಿಯಲ್ಲಿ ಅಷ್ಟು ಎಚ್ಚರದಿಂದ ಮುನ್ಸೂಚನೆ ತಪ್ಪಿಸಿದ ಸಂಗೀತ ಕೊನೆಯ ಏಳು ನಿಮಿಷದಲ್ಲಿ ಸುಲಭದ ನಾಟಕಕ್ಕೆ ಒಲಿಯಿತಲ್ಲ ಎನ್ನಿಸುತ್ತದೆ. ಆದರೂ ಆ ಸ್ಫೋಟದೊಳಗಿನ ತಾಳವಾದ್ಯಗಳ ಗಲಾಟೆ, ಒಂದಕ್ಕೊಂದು ಸರಿಹೊಂದದೆ ಕಿತ್ತಾಡುವ ರೀತಿ, ಇವತ್ತಿಗೂ ಹಳಸಿಲ್ಲ.

ಎರಡನೇ ಬದಿ ಏರುಪೇರಿನದು. ‘ಇನ್ಹೆರಿಟೆನ್ಸ್’ನ ನಡುವೆ ಓಬೋ, ಕ್ಲಾರಿನೆಟ್, ಬಸೂನ್, ಕೋರ್ ಆಂಗ್ಲೆ ಸೇರಿ ಒಂದು ಪುಟ್ಟ ಸುಷಿರ ವೃಂದ ಬರುತ್ತದೆ. ಚೆಂದವಾಗಿದೆ. ಚೆಂದವಾಗಿರುವುದೇ ತೊಂದರೆ: ಡೆಬ್ಯುಸಿಯನ್ನು ಇಷ್ಟಪಡುವ ರಾಕ್ ಸಂಗೀತಗಾರರು ತಾವು ಡೆಬ್ಯುಸಿಯನ್ನು ಇಷ್ಟಪಡುತ್ತೇವೆ ಎಂದು ತೋರಿಸಿದ ಹಾಗಿದೆ. ಬೇರೆಲ್ಲ ಕಡೆ ವಾದ್ಯಗಳು ಕತ್ತಲಿಂದ ಎದ್ದು ಬಂದರೆ ಇಲ್ಲಿ ಸಾಲಾಗಿ ನಿಂತು ನಮಸ್ಕಾರ ಮಾಡುತ್ತವೆ.

ಆಮೇಲೆ ‘ಐ ಬಿಲೀವ್ ಇನ್ ಯು’. ಆಲ್ಬಮ್ಮಿನ ಬಗ್ಗೆ ಎಷ್ಟೇ ತಕರಾರಿದ್ದರೂ ಈ ಆರು ನಿಮಿಷದ ಎದುರು ಅವು ನಿಲ್ಲುವುದು ಕಷ್ಟ. ಹಾಡು ಹೆರಾಯಿನ್ ಚಟದ ಬಗ್ಗೆ. ಹಾಲಿಸ್‌ನ ಅಣ್ಣ ಎಡ್, ‘ಎಡ್ಡಿ ಅಂಡ್ ದ ಹಾಟ್ ರಾಡ್ಸ್’ ಬ್ಯಾಂಡಿನ ಮ್ಯಾನೇಜರ್ ಆಗಿದ್ದವನು, ತಮ್ಮನಿಗೆ ಸಂಗೀತಲೋಕದ ಬಾಗಿಲು ತೆರೆದವನು, ಅದೇ ಚಟಕ್ಕೆ ಬಿದ್ದಿದ್ದ. ಈ ಸಂಗತಿ ಗೊತ್ತಿರಲಿ, ಗೊತ್ತಿಲ್ಲದಿರಲಿ, ಹಾಡು ತನ್ನ ಕೆಲಸ ಮಾಡುತ್ತದೆ. ಹ್ಯಾರಿಸ್ ಒಂದೇ ತಾಳವನ್ನು ಏನೇ ಆದರೂ ಬದಲಿಸುವುದಿಲ್ಲ. ವೆಬ್‌ನ ಬಾಸ್ ಅದರ ಸುತ್ತ ಹೆಜ್ಜೆ ಎಣಿಸುತ್ತದೆ. ಹಾಲಿಸ್ ಮಾತ್ರ ಕುಸಿಯುತ್ತಾನೆ. ಉಪದೇಶವಿಲ್ಲ, ಕಥೆ ಹೇಳುವ ಹಟವಿಲ್ಲ. ಕೊನೆಯಲ್ಲಿ ಚೆಲ್ಮ್ಸ್‌ಫರ್ಡ್ ಕ್ಯಾಥೆಡ್ರಲ್ಲಿನ ಗಾಯಕವೃಂದ ಬರುತ್ತದೆ. ಚರ್ಚಿನ ವೃಂದಗಾನವೆಂದರೆ ರಾಕ್ ಸಂಗೀತದಲ್ಲಿ ಭವ್ಯತೆಯ ಅಗ್ಗದ ಮಸಾಲೆ. ಎಷ್ಟೋ ಬ್ಯಾಂಡುಗಳು ಅದನ್ನು ಸುರಿದುಕೊಂಡು ಕೆಟ್ಟಿವೆ. ಇಲ್ಲಿ ಆ ದನಿಗಳು ಹಾಡನ್ನು ಎತ್ತಿ ನಿಲ್ಲಿಸುವುದಿಲ್ಲ, ಅದು ಬಿದ್ದ ಜಾಗದಲ್ಲೇ ಅದರ ಪಕ್ಕ ಕೂರುತ್ತವೆ. ಅಳಿಸುವ ವಿದ್ಯೆ ತನ್ನ ಸಾರ್ಥಕತೆಯನ್ನು ತೋರಿಸುವುದು ಈ ಹಾಡಿನಲ್ಲಿ. ಒಂದು ವಾದ್ಯ ಹೆಚ್ಚಾಗಿದ್ದರೂ ಇದು ಭಾವಾತಿರೇಕವಾಗುತ್ತಿತ್ತು.

ಕೊನೆಯ ‘ವೆಲ್ತ್’ ಪ್ರಾರ್ಥನೆಯ ಧಾಟಿಯದು; ಆರ್ಗನ್, ಡಬಲ್ ಬಾಸ್, ದನಿ, ಅಷ್ಟೆ. ಸುಂದರ, ಆದರೆ ಹಿಂದಿನ ಹಾಡು ಗಳಿಸಿದ್ದನ್ನು ಸ್ವಲ್ಪ ಖರ್ಚು ಮಾಡಿ ಬದುಕುತ್ತದೆ.

ಹಾಲಿಸ್‌ನ ಹಾಡುಗಾರಿಕೆಯ ಬಗ್ಗೆ ಒಂದು ತಕರಾರನ್ನು ಬಚ್ಚಿಡುವಂತಿಲ್ಲ. ಸಾಹಿತ್ಯ ಕೇಳಿಸುವುದಿಲ್ಲ. ಇಂಗ್ಲಿಷ್ ಮಾತೃಭಾಷೆಯವರಿಗೂ ಕೇಳಿಸುವುದಿಲ್ಲ. ಒಳಹೊದಿಕೆಯಲ್ಲಿ ಹಾಲಿಸ್ ಕೈಬರಹದಲ್ಲೇ ಸಾಹಿತ್ಯ ಅಚ್ಚಾಗಿದೆ, ಅದನ್ನು ಓದುವುದೂ ಸುಲಭವಲ್ಲ. ಅಕ್ಷರಕ್ಕಿಂತ ದನಿ ಮುಖ್ಯ ಎಂಬ ನಿಲುವು ಸರಿಯೇ ಇರಬಹುದು. ಹಾಗಿದ್ದರೆ ಸಾಹಿತ್ಯದಲ್ಲಿ ಪಾಪ, ವಿಮೋಚನೆ, ವೈರಾಗ್ಯ ಇತ್ಯಾದಿ ಭಾರದ ಸಂಗತಿಗಳನ್ನು ತುಂಬಿ ಕೇಳುಗನ ಕೈಗೆ ಎಟುಕದ ಹಾಗೆ ಇಡುವುದೇಕೆ? ಅರ್ಥವಾಗದ್ದಕ್ಕೆ ಆಳದ ಬಿರುದು ಸಿಗುವುದು ಸಂಗೀತದಲ್ಲಿ ಹಳೆಯ ಚಾಳಿ. ಈ ಆಲ್ಬಮ್ಮಿನ ಕೀರ್ತಿಯಲ್ಲಿ ಅದರ ಪಾಲೂ ಸ್ವಲ್ಪ ಇದೆ.

ಇಎಂಐ ಆಫೀಸಿನಲ್ಲಿ ಇದನ್ನು ಮೊದಲು ಕೇಳಿದವರ ಮುಖ ಹೇಗಾಗಿರಬಹುದು ಎಂದು ಊಹಿಸುವುದು ಕಷ್ಟವಲ್ಲ. 1988ರ ಬ್ರಿಟನ್ ಪಟ್ಟಿಯನ್ನು ಆಳುತ್ತಿದ್ದವರು ಸ್ಟಾಕ್, ಐಟ್ಕನ್, ವಾಟರ್‌ಮನ್ ಎಂಬ ಮೂವರ ಕಾರ್ಖಾನೆ ಮತ್ತು ಅದರಿಂದ ಬಂದ ಕೈಲಿ ಮಿನೋಗ್, ರಿಕ್ ಆಸ್ಲಿ. ರೇಡಿಯೋಗೆ ಬೇಕಾದದ್ದು ಮೂರೂವರೆ ನಿಮಿಷ. ಇಲ್ಲಿ ಮೂರೂವರೆ ನಿಮಿಷಕ್ಕೆ ಮೊದಲ ಹಾಡು ಗಂಟಲು ಸರಿಮಾಡಿಕೊಂಡು ಮುಗಿಸಿರುವುದಿಲ್ಲ. ಒಂದು ಹಾಡನ್ನು ಮತ್ತೆ ಮುದ್ರಿಸಿ, ಇಲ್ಲವೇ ಬೇರೆ ಏನಾದರೂ ಕೊಡಿ ಎಂದು ಕಂಪನಿ ಕೇಳಿತು. ಹಾಲಿಸ್ ಆಗುವುದಿಲ್ಲ ಎಂದ. ಕಂಪನಿ ಒಪ್ಪಿಕೊಂಡಿತು. ಜೇಮ್ಸ್ ಮಾರ್ಷ್ ಬರೆದ ಹೊದಿಕೆ ಚಿತ್ರ, ನೀರಿನ ಮಧ್ಯೆ ನಿಂತ ಮರ, ಅದರ ಕೊಂಬೆಗಳಲ್ಲಿ ಹಣ್ಣಿನ ಬದಲು ಕಪ್ಪೆಚಿಪ್ಪು, ಹಕ್ಕಿ, ಜಲಚರಗಳು, ಅಂಗಡಿಗೆ ಬಂತು. ಬ್ರಿಟನ್ ಪಟ್ಟಿಯಲ್ಲಿ 19ನೇ ಸ್ಥಾನದವರೆಗೆ ಹೋಯಿತು. ಇಂಥ ಆಲ್ಬಮ್ಮಿಗೆ ಅದು ಕೆಟ್ಟ ಸಂಖ್ಯೆಯೇನಲ್ಲ, ಹಿಂದಿನದಕ್ಕೆ ಹೋಲಿಸಿದರೆ ಮಾತ್ರ ಬಿದ್ದಂತೆ.

ಬಿಡುಗಡೆಗೆ ಪ್ರವಾಸದ ಆಸರೆ ಇರಲಿಲ್ಲ. ಆ ಗಳಿಗೆಯಲ್ಲಿ ಹುಟ್ಟಿದ್ದನ್ನು ವೇದಿಕೆಯ ಮೇಲೆ ನಕಲು ಮಾಡಿಸುವುದು ಅರ್ಥಹೀನ ಎಂದು ಹಾಲಿಸ್ ಹೇಳಿದ. ನಿಜವಾದ ಕಾರಣ ಇನ್ನೂ ನೇರ: ನುಡಿಸಿದವರು ಯಾರೂ ಒಟ್ಟಿಗೆ ನುಡಿಸಿಯೇ ಇರಲಿಲ್ಲವಲ್ಲ. ‘ಐ ಬಿಲೀವ್ ಇನ್ ಯು’ವನ್ನು ಕತ್ತರಿಸಿ ಕಂಪನಿ ಸಿಂಗಲ್ ಮಾಡಿತು, ಟಿಮ್ ಪೋಪ್ ನಿರ್ದೇಶಿಸಿದ ವಿಡಿಯೋದಲ್ಲಿ ಹಾಲಿಸ್ ಗಿಟಾರು ಹಿಡಿದು ಕೂತು ಹಾಡಿದ. ಮುಂದೆ ಆ ವಿಡಿಯೋ ಮಾಡಬಾರದಿತ್ತು ಎಂದು ಪೇಚಾಡಿಕೊಂಡ. ಸಿಂಗಲ್ ಮೊದಲ 75ರೊಳಗೂ ಬರಲಿಲ್ಲ. ಅಳಿಸಿ ಅಳಿಸಿ ಉಳಿದದ್ದನ್ನು ಮತ್ತೆ ಕತ್ತರಿಸಿದರೆ ಏನಾಗುತ್ತದೋ ಅದೇ ಆಯಿತು.

ಮೊಕದ್ದಮೆಯ ಕಥೆಗೂ ಭಕ್ತಿಯ ಬಣ್ಣ ಬಳಿದಿದ್ದಾರೆ. ಆಲ್ಬಮ್ ಮಾರಾಟಕ್ಕೆ ಲಾಯಕ್ಕಿಲ್ಲ ಎಂದು ಇಎಂಐ ಬ್ಯಾಂಡಿನ ಮೇಲೆ ದಾವೆ ಹೂಡಿತು ಎಂಬುದು ಬಾಯಿಂದ ಬಾಯಿಗೆ ಬಂದ ಮಾತು. ನ್ಯಾಯಾಲಯದಲ್ಲಿ ಚರ್ಚೆಯಾದದ್ದು ಅದಕ್ಕಿಂತ ನೀರಸ. ಕರಾರನ್ನು ಮುಂದುವರಿಸುವ ಹಕ್ಕು ಕಂಪನಿಗಿತ್ತು. ಅದಕ್ಕೆ ಆಲ್ಬಮ್ ಮುಗಿದ ಮೂರು ತಿಂಗಳೊಳಗೆ ಲಿಖಿತ ನೋಟಿಸು ಕೊಡಬೇಕಿತ್ತು. ಕಂಪನಿ ಕೊಟ್ಟಿತು. ಅಂದರೆ ಇಎಂಐಗೆ ಬ್ಯಾಂಡನ್ನು ಓಡಿಸುವ ಆಸೆಯಿರಲಿಲ್ಲ, ಉಳಿಸಿಕೊಳ್ಳುವ ಹಟವಿತ್ತು! ಹೊರಬೀಳಲು ಹೊರಟವರು ಹಾಲಿಸ್ ಮತ್ತು ಮ್ಯಾನೇಜರ್ ಕೀತ್ ಆಸ್ಪ್‌ಡನ್. ನೋಟಿಸು ತಡವಾಗಿ ಬಂತು, ರೆಕಾರ್ಡಿಂಗ್ ಮುಗಿದ ದಿನದಿಂದಲೇ ಮೂರು ತಿಂಗಳು ಎಣಿಸಬೇಕು ಎಂಬುದು ಅವರ ವಾದ. ನಮಗೆ ತೃಪ್ತಿಯಾದ ದಿನದಿಂದ ಎಣಿಸಬೇಕು ಎಂಬುದು ಕಂಪನಿಯ ವಾದ. ನ್ಯಾಯಮೂರ್ತಿ ಆಂಡ್ರ್ಯೂ ಮೊರಿಟ್ ಕಂಪನಿಯ ಪರ ತೀರ್ಪು ಕೊಟ್ಟರು, ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ಬ್ಯಾಂಡು ಬಿಡುಗಡೆಯಾಗಿ ಪಾಲಿಡೋರ್ ಸೇರಿತು. ಆಲ್ಬಮ್ ಯಾವಾಗ ‘ಮುಗಿಯಿತು’, ಅದನ್ನು ಹೇಳುವವರು ಯಾರು ಎಂಬುದೇ ವ್ಯಾಜ್ಯದ ತಿರುಳಾದದ್ದು, ಮುಗಿಸುವುದನ್ನೇ ಕಲೆಯಾಗಿಸಿಕೊಂಡ ಇಬ್ಬರ ವಿಷಯದಲ್ಲಿ ಚೆನ್ನಾಗಿ ಒಪ್ಪುತ್ತದೆ.

ಮುಂದಿನ ‘ಲಾಫಿಂಗ್ ಸ್ಟಾಕ್’ 1991ರಲ್ಲಿ ಪಾಲಿಡೋರ್‌ನ ವರ್ವ್ ಲೇಬಲ್ಲಿನಿಂದ ಬಂತು. ಅದೇ ವೆಸೆಕ್ಸ್, ಅದೇ ಕತ್ತಲೆ, ಅದೇ ಬ್ರೌನ್. ಪಾಲ್ ವೆಬ್ ಮಾತ್ರ ಇರಲಿಲ್ಲ. ಸುಮಾರು 50 ವಾದಕರು ಬಂದು ನುಡಿಸಿ, ಕೊನೆಗೆ 18 ಮಂದಿ ಉಳಿದರು ಎನ್ನುತ್ತಾರೆ. ಅದರ ‘ಆಫ್ಟರ್ ದ ಫ್ಲಡ್’ ಹಾಡಿನ ನಡುವೆ ಕರಕರ ಎನ್ನುವ ಒಂದೇ ಸ್ವರ ಒಂದು ನಿಮಿಷಕ್ಕೂ ಮೀರಿ ನಿಲ್ಲುತ್ತದೆ, ಅದೇ ಅಲ್ಲಿನ ತನಿ. ‘ಡಿಸೈರ್’ನ ನಾಟಕದಿಂದ ಎಷ್ಟು ದೂರ ಬಂದರು ಎನ್ನುವುದಕ್ಕೆ ಆ ಒಂದು ಸ್ವರ ಸಾಕು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ‘ಲಾಫಿಂಗ್ ಸ್ಟಾಕ್’ ಹೆಚ್ಚು ಕಠಿಣ, ಹೆಚ್ಚು ಪ್ರಾಮಾಣಿಕ. ‘ಸ್ಪಿರಿಟ್ ಆಫ್ ಈಡನ್’ ಹೆಚ್ಚು ಪ್ರೀತಿಸಬಹುದಾದದ್ದು. ಇದರಲ್ಲಿ ಇನ್ನೂ ಪಾಪ್ ಹಾಡುಗಾರನ ಆಸೆಗಳು ಸತ್ತಿಲ್ಲ, ಅದಕ್ಕೇ ಇದು ನಲುಗಿಸುತ್ತದೆ.

1994ರ ಹೊತ್ತಿಗೆ ವಿಮರ್ಶಕ ಸೈಮನ್ ರೆನಾಲ್ಡ್ಸ್ ‘ಪೋಸ್ಟ್-ರಾಕ್’ ಎಂಬ ಹೆಸರನ್ನು ಚಾಲ್ತಿಗೆ ತಂದ ಮೇಲೆ, ಟಾಕ್ ಟಾಕ್ ಆ ಕುಲದ ಮೂಲಪುರುಷ ಎಂಬ ಪಟ್ಟ ತಾನಾಗಿ ಬಂತು. ಸಂಬಂಧ ಸುಳ್ಳಲ್ಲ, ರೇಡಿಯೋಹೆಡ್, ಎಲ್ಬೋ ಬ್ಯಾಂಡಿನವರು ಋಣವನ್ನು ಒಪ್ಪಿಕೊಂಡಿದ್ದಾರೆ. ಆದರೆ ಆಮೇಲೆ ಬಂದ ನೂರಾರು ಬ್ಯಾಂಡುಗಳು ಇಲ್ಲಿಂದ ಎತ್ತಿಕೊಂಡದ್ದು ಯಾವುದನ್ನು? ಮೆಲ್ಲಗೆ ಶುರುಮಾಡಿ, ಎಂಟು ನಿಮಿಷ ಏರಿಸಿ, ಗುಡುಗಿಸುವುದನ್ನು. ಈ ಆಲ್ಬಮ್ಮಿನ ಅತಿ ದುರ್ಬಲ ತಂತ್ರವೇ ಒಂದು ಪ್ರಕಾರದ ಸೂತ್ರವಾಯಿತು. ಅಳಿಸುವ ಶಿಸ್ತನ್ನು ಎತ್ತಿಕೊಂಡವರು ಕಡಿಮೆ, ಏಕೆಂದರೆ ಅದಕ್ಕೆ ಮೊದಲು ಬೇಕಾದಷ್ಟು ನುಡಿಸಿ ಬಿಸಾಡಬೇಕು. ಬಿಸಾಡುವಷ್ಟು ಸ್ಟುಡಿಯೋ ದಿನಗಳಿಗೆ ದುಡ್ಡು ಕೊಡುವವರು ಬೇಕು. ಹಾಲಿಸ್ ಸ್ವತಃ 1998ರಲ್ಲಿ ತನ್ನ ಹೆಸರಿನಲ್ಲೇ ಒಂದು ಆಲ್ಬಮ್ ಮಾಡಿ, ಸಂಗೀತದ ಬೀದಿಯಿಂದಲೇ ಹೊರನಡೆದ. 2019ರ ಫೆಬ್ರುವರಿಯಲ್ಲಿ, 64ನೇ ವಯಸ್ಸಿನಲ್ಲಿ ತೀರಿಕೊಂಡ.

ಇಎಂಐ ಕೈಯಲ್ಲಿ ಉಳಿದದ್ದು ಹಳೆಯ ಟೇಪುಗಳು. 1990ರಲ್ಲಿ ಅದು ‘ನ್ಯಾಚುರಲ್ ಹಿಸ್ಟರಿ’ ಎಂಬ ಆಯ್ದ ಹಾಡುಗಳ ಸಂಗ್ರಹ ತಂದಿತು. ಅದು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು, ‘ಇಟ್ಸ್ ಮೈ ಲೈಫ್’ ಹಾಡು ಮರುಬಿಡುಗಡೆಯಲ್ಲಿ ಬ್ರಿಟನ್ನಿನ 13ನೇ ಸ್ಥಾನಕ್ಕೇರಿತು. ಬ್ಯಾಂಡು ಕಷ್ಟಪಟ್ಟು ಕಳಚಿಕೊಂಡಿದ್ದ ಅಂಗಿಗೇ ಜನ ಮುಗಿಬಿದ್ದರು. ಆ ಗೆಲುವಿನಿಂದ ಧೈರ್ಯ ಬಂದು 1991ರಲ್ಲಿ ಹಳೆಯ ಹಾಡುಗಳಿಗೆ ಬೇರೆಯವರಿಂದ ಡಾನ್ಸ್ ಬೀಟು ಸೇರಿಸಿ ‘ಹಿಸ್ಟರಿ ರೀವಿಸಿಟೆಡ್’ ಎಂಬ ರೀಮಿಕ್ಸ್ ಆಲ್ಬಮ್ಮನ್ನು ಬ್ಯಾಂಡಿನ ಒಪ್ಪಿಗೆಯಿಲ್ಲದೆ ಹೊರತಂದಿತು. ಈ ಸಲ ಬ್ಯಾಂಡೇ ದಾವೆ ಹೂಡಿತು: ನಮ್ಮ ಹೆಸರಿನಲ್ಲಿ ನಾವು ನುಡಿಸದ್ದನ್ನು ಮಾರುತ್ತಿದ್ದಾರೆ ಎಂದು. ಇತರರ ಗಂಟೆಗಟ್ಟಲೆ ನುಡಿಸಾಣಿಕೆಯನ್ನು ಅವರನ್ನು ಕೇಳದೆ ಒರೆಸಿಹಾಕಿದ ಮನುಷ್ಯ ತನ್ನ ಹಾಡಿಗೆ ಯಾರೋ ಒಂದು ಡ್ರಮ್ಮು ಸೇರಿಸಿದ್ದನ್ನು ಸಹಿಸಲಿಲ್ಲ ಎಂದು ಕುಟುಕಬಹುದು. ಆದರೆ ಅವನ ಮಟ್ಟಿಗೆ ತೆಗೆಯುವುದೂ ಸೇರಿಸುವುದೂ ಒಂದೇ ಆಗಿರಲಿಲ್ಲ. 1992ರಲ್ಲಿ ವ್ಯಾಜ್ಯ ಬ್ಯಾಂಡಿನ ಪರವಾಗಿ ರಾಜಿಯಾಯಿತು, ಮಾರಾಟವಾಗದೆ ಉಳಿದ ಪ್ರತಿಗಳನ್ನೆಲ್ಲ ನಾಶಪಡಿಸಲು ಇಎಂಐ ಒಪ್ಪಿಕೊಂಡಿತು.